ಸಾವಿರ ಸುಳ್ಳಿನ ಲೆಕ್ಕ

ಪ್ರಶ್ನೆ: ನಾನು ದಾವಣಗೆರೆಯವಳು, ಬೆಂಗಳೂರಿನಲ್ಲಿ ಕೆಲಸ. ಹೆಣ್ಣು ನೋಡುವ ಶಾಸ್ತ್ರವನ್ನು ಗೇಲಿ ಮಾಡಿ ಒಂದು ಕಥೆ ಬರೆದಿದ್ದೇನೆ, ಇದರೊಂದಿಗೆ ಕಳಿಸಿದ್ದೇನೆ. ಓದಿದ ಸ್ನೇಹಿತರೆಲ್ಲ ನಕ್ಕರು. ಒಬ್ಬಳು ಮಾತ್ರ, "ವಾಟ್ಸ್ಆ್ಯಪ್‌ನಲ್ಲಿ ಬರುವ ಗಂಡ–ಹೆಂಡತಿ ಜೋಕಿಗೂ ಇದಕ್ಕೂ ಏನು ವ್ಯತ್ಯಾಸ?" ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಮದುವೆಯನ್ನು, ಪ್ರೇಮವನ್ನು ನಮ್ಮ ಕಥೆಗಾರರು, ನಾಟಕಕಾರರು ಹೇಗೆ ವಿಡಂಬಿಸಿದ್ದಾರೆ? ಅದರಿಂದ ನಿಜಕ್ಕೂ ಏನನ್ನಾದರೂ ಟೀಕಿಸಿದಂತಾಗುತ್ತದೆಯೇ?

ಉತ್ತರ: ಮೊದಲು ಆ ಗೆಳತಿಯನ್ನು ಕಳೆದುಕೊಳ್ಳಬೇಡಿ. ನಕ್ಕವರು ಬೇಕಾದಷ್ಟು ಜನ ಸಿಗುತ್ತಾರೆ, ಇಂಥ ಪ್ರಶ್ನೆ ಕೇಳುವವರು ಸಿಗುವುದಿಲ್ಲ.

ಗಂಡ–ಹೆಂಡತಿ ಜೋಕಿನಲ್ಲಿ ಹೆಂಡತಿ ಯಾವಾಗಲೂ ಸೀರೆ ಕೇಳುತ್ತಾಳೆ, ಗಂಡ ಯಾವಾಗಲೂ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಇಬ್ಬರೂ ಹಾಗೆಯೇ ಇರಬೇಕು, ಇಲ್ಲವಾದರೆ ನಾಳೆಯ ಜೋಕಿಗೆ ಗತಿಯಿಲ್ಲ. ಹಜಾರದಲ್ಲಿ ಕೂತವರು ಕೇಳಿ ನಗುತ್ತಾರೆ; ಒಳಗೆ ಪಾತ್ರೆ ತೊಳೆಯುತ್ತಿದ್ದವಳು ತೊಳೆಯುತ್ತಲೇ ಇರುತ್ತಾಳೆ. ವಿಡಂಬನೆಯ ಕೆಲಸ ಬೇರೆ. ಅದು ಏನೆಂದು ಹೇಳಲು ನನಗೆ ಯಾವ ವಿಮರ್ಶಾ ಗ್ರಂಥಕ್ಕಿಂತ ನಮ್ಮ ಹಳೆಯ ಗಾದೆಯೊಂದೇ ಹೆಚ್ಚು ಉಪಯೋಗಕ್ಕೆ ಬಂದಿದೆ: ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು.

ಈ ಗಾದೆಯನ್ನು ನಾವು ಆಶೀರ್ವಾದದ ಹಾಗೆ ಬಳಸುತ್ತೇವೆ. ನನ್ನ ಮದುವೆಯಲ್ಲೂ ಬಳಸಿದರು. ನಾನಾಗ ತಾಲ್ಲೂಕು ಕೇಂದ್ರವೊಂದರಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದೆ. ನನ್ನ ಸೋದರತ್ತೆ ಹೆಣ್ಣಿನ ಕಡೆಯವರಿಗೆ ನನ್ನ ಸಂಬಳವನ್ನು ನೂರೈವತ್ತು ರೂಪಾಯಿ ಏರಿಸಿ ಹೇಳಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ಗೊತ್ತಿತ್ತು. ಮದುವೆಯಾದ ಮೊದಲ ತಿಂಗಳು ಸಂಬಳದ ಲಕೋಟೆಯನ್ನು ಹೆಂಡತಿಯ ಕೈಗಿಟ್ಟೆ. ಅವಳು ಎರಡು ಸಲ ಎಣಿಸಿದಳು. "ಉಳಿದದ್ದು?" ಎಂದಳು. ಇಂದಿಗೂ ಮನೆಯಲ್ಲಿ ಏನಾದರೂ ಕಡಿಮೆ ಬಿದ್ದರೆ ಆ ಒಂದೇ ಪದ ಬರುತ್ತದೆ. ಗಾದೆ ಹೇಳಿದ ಅತ್ತೆಯದು ಹಾಸ್ಯ. ಹೆಂಡತಿ ಕೇಳಿದ ಪ್ರಶ್ನೆ ವಿಡಂಬನೆ. ಯಾವ ಸುಳ್ಳು, ಯಾರು ಹೇಳಿದರು, ಯಾರಿಗೆ ದಕ್ಕಿತು, ಯಾರು ತೆತ್ತರು ಎಂದು ಎಣಿಸಿ ನೋಡುವ ಕೆಲಸ ಅದು. ಮದುವೆಯ ವಿಷಯದಲ್ಲಿ ನಮ್ಮ ಒಳ್ಳೆಯ ಬರಹಗಾರರೆಲ್ಲ ಈ ಲೆಕ್ಕವನ್ನೇ ತೆಗೆದಿದ್ದಾರೆ. ಅವರಲ್ಲೂ ಎತ್ತರದವರು ಸುಳ್ಳು ಹೇಳಿದವನ ಬಾಯಿಂದಲೇ ಲೆಕ್ಕ ಒಪ್ಪಿಸಿದ್ದಾರೆ. ನಿಮ್ಮ ಕಥೆಗೆ ಬೇಕಾದದ್ದು ಈ ಎರಡನೆಯದು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಸಾಮಾನ್ಯವಾಗಿ ಹೆಸರಿಸುವ ಕೃತಿಯೇ ಮದುವೆಯ ವಿಡಂಬನೆ ಎಂಬುದು ನಿಮಗೆ ಗೊತ್ತಿರಲಿ. ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಬಂದದ್ದು 1887ರಲ್ಲಿ. ಅದರ ವಸ್ತು ಕನ್ಯಾವಿಕ್ರಯ, ಅಂದರೆ ಮಗಳನ್ನು ಹಣಕ್ಕೆ ಮಾರುವುದು. ಇಂದು ವರದಕ್ಷಿಣೆಯ ಸುದ್ದಿ ಕೇಳಿ ಬೆಳೆದವರಿಗೆ ಇದು ತಿರುವುಮುರುವಾಗಿ ಕಾಣಬಹುದು. ಆದರೆ ಆ ಕಾಲದಲ್ಲಿ ಉತ್ತರ ಕನ್ನಡದ ಹವ್ಯಕ ಬ್ರಾಹ್ಮಣರ ಸಮಾಜದಲ್ಲಿ ಗಂಡಿನ ಕಡೆಯವರು ಹೆಣ್ಣು ಹೆತ್ತವರಿಗೆ ಹಣ ಸುರಿಯುತ್ತಿದ್ದರು. ಶಾಸ್ತ್ರಿಗಳು ಹವ್ಯಕರ ಮನೆಮಾತನ್ನು ರಂಗದ ಮೇಲೆ ತಂದರು. ನನ್ನ ಪಾಲಿಗೆ ಅವರ ನಿಜವಾದ ಚಾತುರ್ಯ ಅದೇ. ಗ್ರಾಂಥಿಕ ಭಾಷೆಯಲ್ಲಿ 'ಕನ್ಯೆ', 'ಪಾಣಿಗ್ರಹಣ' ಎಂದು ಎಷ್ಟು ಹೊತ್ತು ಬೇಕಾದರೂ ಮಾತನಾಡಬಹುದು. ಅಡುಗೆಮನೆಯ ಭಾಷೆಗೆ ಇಳಿದರೆ ದರ ಹೇಳಲೇಬೇಕಾಗುತ್ತದೆ. ಇದೇ ವ್ಯಾಪಾರವನ್ನು ಗುರಜಾಡ ಅಪ್ಪಾರಾವ್ ತೆಲುಗಿನಲ್ಲಿ 'ಕನ್ಯಾಶುಲ್ಕಂ' ಎಂದು ರಂಗಕ್ಕೆ ತಂದದ್ದು ಐದು ವರ್ಷ ಕಳೆದ ಮೇಲೆ, 1892ರಲ್ಲಿ. ಮುಂದೆ ಹಣ ಹರಿಯುವ ದಿಕ್ಕು ಅದಲುಬದಲಾಯಿತು, 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು. ಚೌಕಾಸಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರ ಕಾದಂಬರಿ, ಮಂಗಳೂರಿನದು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಹುಡುಗಿ ಹೆತ್ತವರ ಮನೆಯಿಂದ ತಪ್ಪಿಸಿಕೊಂಡು, ಓದಿ, ಭಾಸ್ಕರನೆಂಬ ಯುವಕನನ್ನು ಮದುವೆಯಾಗುತ್ತಾಳೆ. ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1856ರಲ್ಲೇ. ನಲವತ್ತಮೂರು ವರ್ಷವಾದರೂ ಅದು ಕಾದಂಬರಿ ಬರೆಯುವಷ್ಟು ದೊಡ್ಡ ಸಂಗತಿಯಾಗಿಯೇ ಉಳಿದಿತ್ತು. ಇಲ್ಲಿ ನಿಮಗೊಂದು ಪಾಠವಿದೆ, ಗುಲ್ವಾಡಿಯವರ ಸೋಲಿನಿಂದ ಕಲಿಯುವ ಪಾಠ. ಭಜನೆ ಮಾಡುತ್ತಾ ಪರರ ಮನೆಯಲ್ಲಿ ಮೈಚಾಚುವ ಸಂತರ ಮಂಡಳಿಯನ್ನು ಬರೆಯುವಾಗ ಅವರ ಲೇಖನಿ ಕುಣಿಯುತ್ತದೆ. ಇಂದಿರೆ, ಭಾಸ್ಕರರ ಹತ್ತಿರ ಬಂದಾಗ ಅದೇ ಲೇಖನಿ ಕೈಕಟ್ಟಿ ನಿಂತು ವಂದನಾರ್ಪಣೆ ಮಾಡುತ್ತದೆ. ಕೃತಿಯ ಇನ್ನೊಂದು ಹೆಸರು 'ಸದ್ಧರ್ಮ ವಿಜಯ'. ವಿಜಯ ಮೊದಲೇ ಗೊತ್ತಾಗಿಬಿಟ್ಟರೆ ನಗುವುದಕ್ಕೆ ಉಳಿಯುವವರು ಸೋತವರು ಮಾತ್ರ. ನಿಮ್ಮ ಕಥೆಯ ನಾಯಕಿಯನ್ನು ನೋಡಿದಾಗ ನನಗೆ ನೆನಪಾದದ್ದು ಇಂದಿರೆಯೇ.

ಈಗ ನಿಧಾನವಾಗಿ ಕೂತು ಓದಬೇಕಾದ ಕಥೆಗೆ ಬರೋಣ. ಮಾಸ್ತಿಯವರ 'ರಂಗನ ಮದುವೆ', 1910ರ ಸುಮಾರಿನದು. ಇದರ ಇಂಗ್ಲಿಷ್ ರೂಪ ಸಿಬಿಎಸ್‌ಇ ಹನ್ನೊಂದನೇ ತರಗತಿಯ ಪಠ್ಯದಲ್ಲೂ ಇತ್ತು. ಆದ್ದರಿಂದ 'ಮುದ್ದಾದ ಹಳ್ಳಿಯ ಕಥೆ' ಎಂಬ ಹಣೆಪಟ್ಟಿ ಅದಕ್ಕೆ ಅಂಟಿಕೊಂಡಿದೆ. ಆ ಪಟ್ಟಿಯನ್ನು ಕಿತ್ತು ಓದಿ.

ಕಥೆ ಹೇಳುವವನು ಹೊಸಹಳ್ಳಿಯ ಶ್ಯಾಮ. ಕಥೆಗೆ ಏನು ಹೆಸರಿಡಲಿ ಎಂಬಲ್ಲಿಂದಲೇ ಶುರು ಮಾಡುತ್ತಾನೆ. 'ರಂಗನಾಥ ವಿಜಯ' ಎಂದು ಬಾಯಿತುಂಬ ಇಡಬಹುದಿತ್ತು, ಆದರೆ ಇದು ಜಗನ್ನಾಥ ವಿಜಯವೂ ಅಲ್ಲ, ಗಿರಿಜಾ ಕಲ್ಯಾಣವೂ ಅಲ್ಲ, ನಮ್ಮೂರ ರಂಗನ ಮದುವೆ. ಹರಿಹರನ ಶಿವಪಾರ್ವತಿಯರಿಂದ ಶಾನುಭೋಗರ ಮಗನವರೆಗೆ ಎರಡು ಸಾಲಿನಲ್ಲಿ ಇಳಿದುಬಿಡುತ್ತಾನೆ. ರಂಗ ಬೆಂಗಳೂರಿಗೆ ಓದಲು ಹೋಗಿದ್ದವನು ಊರಿಗೆ ಬಂದಿದ್ದಾನೆ. ಊರಿಗೆ ಊರೇ ಅವನನ್ನು ನೋಡಲು ಸೇರುತ್ತದೆ. ಒಬ್ಬಳು ಮುದುಕಿ ಎದೆಯ ಮೇಲೆ ಕೈಯಾಡಿಸಿ, ಜನಿವಾರ ಇನ್ನೂ ಇದೆ ಎಂದು ಖಾತ್ರಿ ಮಾಡಿಕೊಂಡು ಸಮಾಧಾನಪಡುತ್ತಾಳೆ. ಅದೇ ರಂಗ ಶ್ಯಾಮನ ಮುಂದೆ ಮದುವೆಯ ಬಗ್ಗೆ ಹೊಸಗಾಲದ ಮಾತುಗಳನ್ನಾಡುತ್ತಾನೆ. ತಾನು ಮೆಚ್ಚಿದ ಹುಡುಗಿ ಸಿಗುವವರೆಗೆ ಮದುವೆಯಿಲ್ಲ, ಹಸುಳೆಗಳನ್ನು ಕಟ್ಟಿಕೊಂಡು ಪ್ರೀತಿಸುವುದು ಹೇಗೆ, ಶಕುಂತಲೆ ಎಳೆಯ ಮಗುವಾಗಿದ್ದರೆ ದುಷ್ಯಂತ ಮೆಚ್ಚುತ್ತಿದ್ದನೇ, ಕಾಳಿದಾಸನ ನಾಟಕದ ಗತಿ ಏನಾಗುತ್ತಿತ್ತು?

ಶ್ಯಾಮ ಅಲ್ಲೇ ತೀರ್ಮಾನಿಸುತ್ತಾನೆ, ಇವನಿಗೆ ಮದುವೆ ಮಾಡಿಸಿಯೇ ತೀರಬೇಕು. ರಾಮರಾಯರ ಮನೆಯಲ್ಲಿ ಅವರ ಸೋದರಿಯ ಮಗಳೋ ಸೋದರನ ಮಗಳೋ, ಒಟ್ಟಿನಲ್ಲಿ ತಂದೆತಾಯಿ ಇಲ್ಲದ ರತ್ನಾ ಬಂದಿದ್ದಾಳೆ. ಹಾಡುತ್ತಾಳೆ, ಹಾರ್ಮೋನಿಯಂ ನುಡಿಸುತ್ತಾಳೆ. ವಯಸ್ಸು ಹನ್ನೊಂದು. ಮಜ್ಜಿಗೆ ತರುವ ನೆಪದಲ್ಲಿ ಅವಳನ್ನು ಮನೆಗೆ ಕರೆಸಿ, ಹಾಡಲು ಕೂರಿಸಿ, ಅದೇ ಹೊತ್ತಿಗೆ ರಂಗನಿಗೂ ಹೇಳಿಕಳಿಸುತ್ತಾನೆ. ರಂಗ ಬಾಗಿಲಲ್ಲಿ ನಿಂತುಬಿಡುತ್ತಾನೆ. ದುಷ್ಯಂತ, ಶಕುಂತಲೆ, ಮೂವತ್ತಕ್ಕೆ ಮದುವೆಯಾದ ಆಫೀಸರು, ಅವನ ವಾದಗಳೆಲ್ಲ ಹಾರ್ಮೋನಿಯಂ ಶ್ರುತಿಯಲ್ಲಿ ಕರಗಿಹೋಗುತ್ತವೆ. ಆಗ ಶ್ಯಾಮ ಮೊದಲ ಸುಳ್ಳು ಬಿಡುತ್ತಾನೆ: ಆ ಹುಡುಗಿಗೆ ಮದುವೆಯಾಗಿ ಒಂದು ವರ್ಷವಾಯಿತು. ರಂಗನ ಮುಖ ಸುಟ್ಟ ಬದನೆಕಾಯಿಯಂತಾಗುತ್ತದೆ. ಎರಡನೆಯ ಸುಳ್ಳು ಶಾಸ್ತ್ರಿಗಳದು. ಶ್ಯಾಮ ಮೊದಲೇ ಹೇಳಿಕೊಟ್ಟ ಪಾಠವನ್ನು ಅವರು ಗ್ರಹಗತಿಯ ಲೆಕ್ಕದಂತೆ ಒಪ್ಪಿಸುತ್ತಾರೆ. ಹುಡುಗಿಯ ಚಿಂತೆ, ಸಮುದ್ರದಲ್ಲಿ ಸಿಗುವ ವಸ್ತುವಿನ ಹೆಸರು, ಮುತ್ತಲ್ಲದಿದ್ದರೆ ರತ್ನ. ಮೂರನೆಯದು ಮತ್ತೆ ಶ್ಯಾಮನದು: ನಾನು ತಪ್ಪು ತಿಳಿದಿದ್ದೆ, ಅವಳಿಗೆ ಮದುವೆಯಾಗಿಲ್ಲ. ಸಾವಿರ ಬೇಕಾಗಲಿಲ್ಲ, ಮೂರರಲ್ಲಿ ಮುಗಿಯಿತು. ರಂಗನಿಗೆ ಮಾತ್ರ ತಾನು ಮೆಚ್ಚಿ ಮದುವೆಯಾದೆ ಎಂಬ ನಂಬಿಕೆ.

ನಮ್ಮ ಕಾಲದ ಪ್ರೇಮದ ಬಗ್ಗೆ ಇದಕ್ಕಿಂತ ಹರಿತವಾದ ವಿಡಂಬನೆ ಬೇಕೇ? ಆಯ್ಕೆ ನನ್ನದು ಎಂದುಕೊಂಡವನಿಗೆ ಹುಡುಗಿಯನ್ನು ತೋರಿಸಿದವರು ಯಾರು, ಯಾವಾಗ ತೋರಿಸಿದರು, ಸಿಗಲಾರಳು ಎಂದು ಹೇಳಿ ಆಸೆ ಹೆಚ್ಚಿಸಿದವರು ಯಾರು? ಮೊಬೈಲಿನ ಪರದೆಯ ಮೇಲೆ ಬೆರಳು ಸರಿಸಿ ಸಂಗಾತಿಯನ್ನು ಹುಡುಕುವ ನಿಮ್ಮ ವಯಸ್ಸಿನವರನ್ನು ಕಂಡಾಗ ನನಗೆ ಆ ಪೆಟ್ಟಿಗೆಯೊಳಗೆ ಶ್ಯಾಮನೇ ಕೂತಿರುವಂತೆ ಅನ್ನಿಸುತ್ತದೆ, ಪಕ್ಕದಲ್ಲಿ ಶಾಸ್ತ್ರಿಗಳೂ ಇದ್ದಾರೆ.

ಆದರೆ ಕಥೆಯಲ್ಲಿ ಇನ್ನೊಂದು ಲೆಕ್ಕ ಬಾಕಿಯಿದೆ. ರತ್ನಾಳ ಮನಸ್ಸನ್ನು ಯಾರೂ ಕೇಳುವುದಿಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹಕ್ಕೆ ತಡೆ ತಂದಿತ್ತು, ಆದರೆ ಆ ತಡೆ ಎಂಟು ವರ್ಷದ ಒಳಗಿನ ಹೆಣ್ಣುಮಕ್ಕಳಿಗೆ. ಹನ್ನೊಂದರ ರತ್ನಾಳ ಮದುವೆಗೆ ಕಾನೂನಿನ ಅಡ್ಡಿ ಇರಲಿಲ್ಲ. ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಲ್ಲೂ ಹದಿನಾಲ್ಕು ಎಂಬ ಗಡಿ ಬರಲು 1929ರ ಶಾರದಾ ಕಾಯ್ದೆಯವರೆಗೆ ಕಾಯಬೇಕಾಯಿತು. ಮಾಸ್ತಿಯವರಿಗೆ ಇದು ಕಂಡಿತ್ತೇ ಎಂದು ನನ್ನ ವಿದ್ಯಾರ್ಥಿಗಳು ವರ್ಷ ವರ್ಷ ಕೇಳುತ್ತಿದ್ದರು, ನನ್ನ ಉತ್ತರವೂ ವರ್ಷ ವರ್ಷ ಬದಲಾಗುತ್ತಿತ್ತು. ಈಗ ಇಷ್ಟು ಹೇಳುತ್ತೇನೆ: ಎಳೆಯ ಹುಡುಗಿಯರನ್ನು ಮದುವೆಯಾಗುವುದನ್ನು ಖಂಡಿಸಿ ರಂಗ ಭಾಷಣ ಬಿಗಿದ ಮೇಲೆಯೇ ಹನ್ನೊಂದು ಎಂಬ ಅಂಕಿ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟದ್ದು ಕೈತಪ್ಪಿನಿಂದ ಆಗಿರಲಾರದು. ಶ್ಯಾಮನಿಗೆ ತಾನು ಮಾಡಿದ್ದು ಪುಣ್ಯಕಾರ್ಯ. ಕೊನೆಯಲ್ಲಿ ರಂಗ ತನ್ನ ಮಗನಿಗೆ ಶ್ಯಾಮನ ಹೆಸರನ್ನೇ ಇಡುತ್ತಾನೆ, ಶ್ಯಾಮ ಅದರಲ್ಲಿ ಹಿಗ್ಗುತ್ತಾನೆ. ಅವನ ಹಿಗ್ಗಿನ ಜೊತೆ ನೀವು ಎಲ್ಲಿಯವರೆಗೆ ಹೋಗುತ್ತೀರಿ, ಎಲ್ಲಿ ನಿಲ್ಲುತ್ತೀರಿ ಎಂಬುದನ್ನು ಕಥೆ ನಿಮಗೇ ಬಿಟ್ಟಿದೆ. ನನ್ನ ತರಗತಿಯ ಹುಡುಗರು ಕೊನೆಯವರೆಗೂ ಹೋಗುತ್ತಿದ್ದರು. ಹುಡುಗಿಯರು ಹಾರ್ಮೋನಿಯಂ ಹತ್ತಿರವೇ ನಿಂತುಬಿಡುತ್ತಿದ್ದರು.

ಕೈಲಾಸಂ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 'ಬಂಡ್ವಾಳ್ವಿಲ್ಲದ ಬಡಾಯಿ'ಯ ಲಾಯರು ಅಹೋಬ್ಲುವನ್ನು ನಾನು ಇಂದಿಗೂ ವಾರಕ್ಕೊಮ್ಮೆ ಎಲ್ಲಾದರೂ ನೋಡುತ್ತೇನೆ. ಊರಿಗೆಲ್ಲ ಬಡಾಯಿ, ಅದರ ಒಳಗುಟ್ಟು ಮಡದಿ ಜೀವುಗೆ ಗೊತ್ತು. ನಗು ಇರುವುದು ಆ ಗೊತ್ತಿರುವಿಕೆಯಲ್ಲಿ. ಆದರೆ 'ಅಮ್ಮಾವ್ರ ಗಂಡ' ಎಂಬ ಅವರ ಶೀರ್ಷಿಕೆಗೆ ಬಂದ ಗತಿ ನೋಡಿ. ಅದು ನಾಟಕದಿಂದ ಕಳಚಿಕೊಂಡು ಬೀದಿಗೆ ಬಂತು. ಹೆಂಡತಿಯ ಮಾತಿಗೆ ಕಿವಿಗೊಡುವ, ಮಗುವಿನ ಬಟ್ಟೆ ಒಗೆಯುವ ಯಾವ ಗಂಡಸನ್ನೂ ಚುಚ್ಚಲು ಬಳಕೆಯಾಯಿತು. ವಿಡಂಬನೆಯ ಮಾತು ಒಮ್ಮೆ ಹೊರಬಿದ್ದರೆ ಯಾರ ಕೈಗೆ ಸಿಗುತ್ತದೆಯೋ ಬರೆದವರಿಗೂ ಗೊತ್ತಿರುವುದಿಲ್ಲ.

ಕಾರ್ನಾಡರಿಗೆ ಮದುವೆಯೆಂದರೆ ಪದೇ ಪದೇ ಬಿಚ್ಚಿ ಜೋಡಿಸುವ ಯಂತ್ರ. 1971ರ 'ಹಯವದನ'ದಲ್ಲಿ ಪದ್ಮಿನಿಗೆ ಗಂಡ ದೇವದತ್ತನ ಬುದ್ಧಿಯೂ ಬೇಕು, ಅವನ ಗೆಳೆಯ ಕಪಿಲನ ಮೈಕಟ್ಟೂ ಬೇಕು. ಇಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ, ಪದ್ಮಿನಿ ತಲೆಗಳನ್ನು ಅದಲುಬದಲು ಜೋಡಿಸುತ್ತಾಳೆ, ಬಯಸಿದ್ದು ಸಿಗುತ್ತದೆ. ವೈವಾಹಿಕ ಜಾಲತಾಣಗಳಲ್ಲಿ ವಿದ್ಯೆ, ಎತ್ತರ, ವರಮಾನ ಎಂದು ಒಂದೊಂದೇ ಚೌಕಕ್ಕೆ ಗುರುತು ಹಾಕುವವರು ಈ ನಾಟಕ ನೋಡಬೇಕು. ಎಲ್ಲ ಚೌಕವೂ ತುಂಬಿದ ಗಂಡಸು ಪದ್ಮಿನಿಗೆ ದಕ್ಕಿದ. ಸ್ವಲ್ಪ ಕಾಲದಲ್ಲೇ ಗರಡಿಯ ಮೈ ಕವಿಯ ತಲೆಗೆ ತಕ್ಕಂತೆ ಸಡಿಲವಾಯಿತು. ನನಗೆ ಆ ನಾಟಕದಲ್ಲಿ ಅತ್ಯಂತ ಇಷ್ಟವಾದವಳು ಕಾಳಿ. ನಿದ್ದೆಗಣ್ಣಿನ, ಆಕಳಿಸುವ ಕಾಳಿ. ತಲೆ ಕಡಿದುಕೊಂಡ ಇಬ್ಬರು ಗಂಡಸರೂ ಸಾಯುವ ಗಳಿಗೆಯಲ್ಲೂ ತ್ಯಾಗ, ಸ್ನೇಹ ಎಂದು ಸುಳ್ಳು ಹೇಳಿದರು, ನಿಜ ಹೇಳಿದ್ದು ನೀನೊಬ್ಬಳೇ ಎಂದು ಅವಳು ಪದ್ಮಿನಿಗೆ ಹೇಳುತ್ತಾಳೆ. ನೋಡಿ, ಅಲ್ಲಿಯೂ ಸುಳ್ಳಿನ ಲೆಕ್ಕವೇ. ದೇವಿಯೇ ಗುಮಾಸ್ತೆ.

'ನಾಗಮಂಡಲ'ದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಬೀಗ ಹಾಕಿಕೊಂಡು ಹೋಗುತ್ತಾನೆ, ಮಧ್ಯಾಹ್ನದ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಅವನ ವೇಷದಲ್ಲಿ ಬರುವುದು ನಾಗ. ರಾಣಿ ಬಸುರಿಯಾದಾಗ ಪಂಚಾಯಿತಿ ಸೇರುತ್ತದೆ, ಅವಳು ಹಾವನ್ನು ಹಿಡಿದು ಪ್ರಮಾಣ ಮಾಡುತ್ತಾಳೆ: ನನ್ನ ಗಂಡನನ್ನು ಮತ್ತು ಈ ನಾಗನನ್ನು ಬಿಟ್ಟು ಇನ್ಯಾರನ್ನೂ ಮುಟ್ಟಿಲ್ಲ. ಅಕ್ಷರ ಅಕ್ಷರವೂ ನಿಜ. ಅದನ್ನು ಕೇಳಿದ ಊರು ಕಾಲಿಗೆ ಬಿದ್ದು ಅವಳನ್ನು ದೇವಿ ಮಾಡುತ್ತದೆ. ಪರಸ್ತ್ರೀಯ ಮನೆಯಿಂದ ಮಧ್ಯಾಹ್ನಕ್ಕೆ ಎದ್ದು ಬರುತ್ತಿದ್ದ ಗಂಡನ ಮೇಲೆ ಪಂಚರು ಒಂದು ಪ್ರಮಾಣವನ್ನೂ ಹೇರುವುದಿಲ್ಲ. ಸಾವಿರ ಸುಳ್ಳಿನ ಮೇಲೆ ನಿಂತ ಮದುವೆಯಲ್ಲಿ ಒಂದು ನಿಜ ನುಡಿದರೆ ಅದು ಪವಾಡವೆನಿಸಿಕೊಳ್ಳುತ್ತದೆ. ಇದನ್ನು ನೋಡುವಾಗ ಪ್ರೇಕ್ಷಕರು ನಗುತ್ತಾರೆ, ಒಂದು ಕ್ಷಣ ಬಿಟ್ಟು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂರುತ್ತಾರೆ. ಆ ಸರಿದು ಕೂರುವುದನ್ನು ನಾನು ಎರಡು ಊರುಗಳಲ್ಲಿ ಕಣ್ಣಾರೆ ನೋಡಿದ್ದೇನೆ.

ಪ್ರೀತಿಯಿಂದ ನಕ್ಕವರನ್ನೂ ಮರೆಯಬಾರದು. ಜಯಂತ ಕಾಯ್ಕಿಣಿಯವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆಯಲ್ಲಿ ಮುಂಬಯಿಯ ಇಬ್ಬರು ಅನಾಥರು ತಮ್ಮ ಮದುವೆಯ ಕರೆಯೋಲೆಯ ಚಿಂತೆಯಲ್ಲಿದ್ದಾರೆ. 'ಇವರ ಜ್ಯೇಷ್ಠ ಪುತ್ರ', 'ಇವರ ಕನಿಷ್ಠ ಪುತ್ರಿ' ಎಂಬ ಜಾಗದಲ್ಲಿ ಏನು ಹಾಕಿಸಬೇಕು? ಕರೆಯೋಲೆಯೆಂಬ ಕಾಗದ ಇಷ್ಟು ದಿನ ಯಾರನ್ನು ಕರೆಯುತ್ತಿತ್ತು, ಯಾರನ್ನು ಹೊರಗಿಡುತ್ತಿತ್ತು ಎಂಬುದು ಆ ಖಾಲಿ ಸಾಲಿನಲ್ಲಿ ಕಾಣುತ್ತದೆ. ಬೈಗುಳವಿಲ್ಲ, ಖಳನಿಲ್ಲ.

ಇನ್ನು ವಿವೇಕ ಶಾನಭಾಗರ 'ಘಾಚರ್ ಘೋಚರ್', 2013ರದು. ಶ್ಯಾಮನ ಕಥೆಗೂ ಇದಕ್ಕೂ ನೂರು ವರ್ಷದ ಅಂತರ. ಎರಡನ್ನೂ ಒಟ್ಟಿಗೆ ಓದಿದರೆ ನಿಮಗೆ ಬೇಕಾದ ಉಪಾಯ ಸಿಗುತ್ತದೆ ಎಂದು ನನ್ನ ಖಚಿತ ನಂಬಿಕೆ.

ಹೆಸರಿಲ್ಲದ ನಿರೂಪಕ ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಮನೆಯಲ್ಲಿ ಅಪ್ಪ, ಅಮ್ಮ, ಗಂಡನ ಮನೆ ಬಿಟ್ಟು ಬಂದ ಅಕ್ಕ ಮಾಲತಿ, ಮದುವೆಯಾಗದ ಚಿಕ್ಕಪ್ಪ. ಚಿಕ್ಕಪ್ಪನ ಸೋನಾ ಮಸಾಲಾ ವ್ಯಾಪಾರ ಕುದುರಿ ಇಡೀ ಕುಟುಂಬ ಇರುವೆ ಹರಿದಾಡುವ ಸಣ್ಣ ಮನೆಯಿಂದ ದೊಡ್ಡ ಮನೆಗೆ ಬಂದಿದೆ. ನಿರೂಪಕನಿಗೆ ಕಂಪನಿಯಲ್ಲಿ ಹುದ್ದೆಯಿದೆ, ತಿಂಗಳಿಗೆ ಸರಿಯಾಗಿ ಖಾತೆಗೆ ಹಣ ಬರುತ್ತದೆ, ಕೆಲಸ ಮಾತ್ರ ಇಲ್ಲ. ಹೈದರಾಬಾದಿನ ಅನಿತಾಳನ್ನು ಮದುವೆಯಾಗುವಾಗ ಹುಡುಗ ಕಂಪನಿಯ ನಿರ್ದೇಶಕ. ಸುಳ್ಳಲ್ಲ, ಕಾಗದದ ಮೇಲೆ ನಿಜವೇ. ನೂರೈವತ್ತು ರೂಪಾಯಿ ಏರಿಸಿ ಹೇಳಿದ ನನ್ನ ಸೋದರತ್ತೆ ಇದರ ಮುಂದೆ ಹಸುಳೆ. ಗಂಡ ದುಡಿಯುವುದಿಲ್ಲ ಎಂಬುದು ಅನಿತಾಗೆ ಮದುವೆಯಾದ ಮೇಲೆ ತಿಳಿಯುತ್ತದೆ. ನಿರೂಪಕನಿಗೆ ಅವಳ ಸಿಟ್ಟು ಅರ್ಥವೇ ಆಗುವುದಿಲ್ಲ, ಮನೆಯಲ್ಲಿ ಎಲ್ಲರೂ ಹಾಗೆಯೇ ಇದ್ದೇವಲ್ಲ?

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಾಳೆ, ಚಿಕ್ಕಪ್ಪನನ್ನು ಕೇಳಿಕೊಂಡು. ಕೈಯಲ್ಲಿ ಅವನಿಗೆ ಇಷ್ಟವೆಂದು ಮಾಡಿ ತಂದ ಬೇಳೆಯ ಪದಾರ್ಥ. ಚಿಕ್ಕಪ್ಪ ಒಳಗಿನಿಂದ ಹೊರಬರುವುದಿಲ್ಲ. ಅಮ್ಮ, ಮಾಲತಿ ಸೇರಿ ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ, ತಂದದ್ದು ನೆಲದ ಪಾಲಾಗುತ್ತದೆ. ನಿರೂಪಕ ಈ ಹೆಂಗಸರ ಒಗ್ಗಟ್ಟನ್ನು ಬೆರಗಿನಿಂದ ನೋಡುತ್ತಾನೆ. ಅನ್ನದಾತನನ್ನು ಕಾಪಾಡಿಕೊಳ್ಳಬೇಕಲ್ಲ. ಹೀಗೆ ಮಾಡಬಾರದಿತ್ತು ಎಂದು ಎದುರಾಡುವವಳು ಹೊರಗಿನಿಂದ ಬಂದ ಅನಿತಾ ಒ‌ಬ್ಬಳೇ. ಇಡೀ ಪ್ರಸಂಗದಲ್ಲಿ ಲೇಖಕ ಯಾರನ್ನೂ ಖಂಡಿಸುವುದಿಲ್ಲ. ನಿರೂಪಕನ ದನಿ ಕಾಫಿ ಹೀರುತ್ತಾ ಮಾತನಾಡುವವನ ದನಿ, ಎಲ್ಲಿಯೂ ಏರುವುದಿಲ್ಲ. ಹಳೆಯ ಮನೆಯಲ್ಲಿ ಇರುವೆಗಳನ್ನು ಹುಡುಕಿ ಹುಡುಕಿ ಕೊಂದದ್ದನ್ನು ಹೇಳುವಾಗಲೂ ಇದೇ ದನಿ. ಅವನು ಸಹಜವೆಂದು ಹೇಳಿಕೊಂಡು ಹೋದಷ್ಟೂ ನಮಗೆ ಉಸಿರು ಕಟ್ಟುತ್ತದೆ.

ಶೀರ್ಷಿಕೆಯ ಪದವೂ ಮದುವೆಯದೇ. ಮಧುಚಂದ್ರಕ್ಕೆ ಊಟಿಗೆ ಹೋದಾಗ ಬಿಚ್ಚಲಾಗದ ಗಂಟೊಂದನ್ನು ಅನಿತಾ ಹಾಗೆ ಕರೆಯುತ್ತಾಳೆ. ಅವಳ ತವರುಮನೆಯವರಿಗೆ ಮಾತ್ರ ಗೊತ್ತಿದ್ದ, ಯಾವ ನಿಘಂಟಿನಲ್ಲೂ ಇಲ್ಲದ ಮಾತು. ಅದನ್ನು ಅವಳು ಗಂಡನಿಗೆ ಕೊಡುತ್ತಾಳೆ. ಇಡೀ ಪುಸ್ತಕದಲ್ಲಿ ಇದೊಂದೇ ಅಪ್ಪಟ ಪ್ರೇಮದ ಗಳಿಗೆ ಎನ್ನುತ್ತೇನೆ. ಅವನು ಆ ಪದವನ್ನು ಎಲ್ಲಿ ಬಳಸುತ್ತಾನೆ ಎಂಬುದನ್ನು ನೀವೇ ಓದಿ ತಿಳಿಯಿರಿ, ಕೊನೆಯನ್ನು ನಾನು ಹೇಳುವುದಿಲ್ಲ.

ಶ್ಯಾಮನೂ ಈತನೂ ಒಂದು ವಿಷಯದಲ್ಲಿ ಸಮಾನರು. ಇಬ್ಬರೂ ಮದುವೆಯ ಸುಳ್ಳಿನಲ್ಲಿ ಪಾಲುದಾರರು, ಇಬ್ಬರಿಗೂ ತಾವು ಒಳ್ಳೆಯವರೆಂಬ ನೆಮ್ಮದಿ ಇದೆ, ಇಬ್ಬರೂ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ನೇಹದಿಂದ ಹೇಳುತ್ತಾರೆ. ಹೇಳುತ್ತಿರುವವನಿಗೆ ಕಾಣದ್ದು ಕೇಳುತ್ತಿರುವವರಿಗೆ ಕಾಣಬೇಕು. ಮಾಸ್ತಿಯವರ ಕಥೆಯಲ್ಲಿ ಅದು ಕಾಣಲು ಕೆಲವರಿಗೆ ನೂರು ವರ್ಷ ಬೇಕಾಯಿತು, ಶಾನಭಾಗರಲ್ಲಿ ಎರಡನೆಯ ಅಧ್ಯಾಯ ಮುಗಿಯುವಷ್ಟರಲ್ಲಿ ಕಾಣುತ್ತದೆ.

ವಿಡಂಬನೆಯಿಂದ ಏನಾದರೂ ಆಗುತ್ತದೆಯೇ ಎಂದು ಕೇಳಿದ್ದೀರಿ. ಪ್ರಹಸನ ನೋಡಿ ಕನ್ಯಾವಿಕ್ರಯ ನಿಂತಿತು ಎಂದರೆ ಅದು ಸಾವಿರದ ಒಂದನೆಯ ಸುಳ್ಳಾದೀತು. ಆದರೆ ಕಿವಿ ಹರಿತವಾಗುತ್ತದೆ, ಇದು ನನ್ನ ಅನುಭವ. ಭಾನುವಾರದ ಪತ್ರಿಕೆಯಲ್ಲಿ 'ವಧು ಬೇಕಾಗಿದೆ' ಅಂಕಣ ಓದುವುದು ನನ್ನ ಹಳೆಯ ಚಟ. ಅಲ್ಲಿ 'ಉಪಪಂಗಡದ ಅಡ್ಡಿಯಿಲ್ಲ' ಎಂಬ ಮಾತು ಬರುತ್ತದೆ. ಎರಡೇ ಪದ, ಎಷ್ಟು ಔದಾರ್ಯ! ಪಂಗಡದ ಅಡ್ಡಿ ಹಾಗೆಯೇ ಇದೆ ಎಂಬುದನ್ನು ಅದು ಹೇಳದೆಯೇ ಹೇಳುತ್ತದೆ. 'ಗೃಹಕೃತ್ಯ ಬಲ್ಲ, ಉದ್ಯೋಗಸ್ಥ ಕನ್ಯೆ' ಎಂದರೆ ಒಂದು ಸಂಬಳಕ್ಕೆ ಎರಡು ಕೆಲಸ. 'ಸರಳ ವಿವಾಹ' ಎಂದರೆ ಯಾರಿಗೆ ಸರಳ ಎಂದು ಫೋನು ಮಾಡಿಯೇ ಕೇಳಬೇಕು. ಕುವೆಂಪು ಮಂತ್ರಮಾಂಗಲ್ಯವನ್ನು ಕೊಟ್ಟದ್ದು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ನಾಲ್ಕು ಮಾತಿನಲ್ಲಿ ಮದುವೆಯಾಗಲೆಂದು. ಸಾವಿರ ಜನರ ಊಟ, ಡ್ರೋನ್ ಕ್ಯಾಮೆರಾ ಎಲ್ಲ ಇದ್ದ ಮಂತ್ರಮಾಂಗಲ್ಯವೊಂದಕ್ಕೆ ನಾನೇ ಹೋಗಿ ಹೋಳಿಗೆ ತಿಂದು ಬಂದಿದ್ದೇನೆ. ಯಾರೂ ಕಲ್ಪಿಸಿ ಬರೆಯಬೇಕಾಗಿಲ್ಲ, ಕಿವಿಗೆ ಬಿದ್ದದ್ದನ್ನು ಬರೆದುಕೊಂಡರೆ ಸಾಕು.

ಈಗ ನಿಮ್ಮ ಕಥೆ. ಗಂಡಿನ ತಾಯಿ ಬರುತ್ತಾಳೆ, ಹಾಡು ಕೇಳುತ್ತಾಳೆ, ಸಂಬಳ ಕೇಳುತ್ತಾಳೆ, ಕೇಸರಿಬಾತಿಗೆ ತುಪ್ಪ ಸಾಲದು ಎನ್ನುತ್ತಾಳೆ. ಅವಳಿಗೆ ಕೊಂಬು ಒಂದು ಇಲ್ಲ, ಅಷ್ಟೇ. ಗಂಡು ಪೆದ್ದ. ನಾಯಕಿ ಒಂಬತ್ತನೆಯ ಪುಟದಲ್ಲಿ ಎದ್ದು ನಿಂತು ಒಂದೂವರೆ ಪುಟ ಭಾಷಣ ಮಾಡಿ ಎಲ್ಲರನ್ನೂ ಹೊರಗಟ್ಟುತ್ತಾಳೆ. ಭಾಷಣ ಚೆನ್ನಾಗಿದೆ, ಆದರೆ ಅದು ಸದ್ಧರ್ಮ ವಿಜಯ. ಅತ್ತೆಯಾಗಬಹುದಾಗಿದ್ದವಳನ್ನು ನೋಡಿ ನಗಲು ನನಗೆ ಏನೂ ಖರ್ಚಾಗಲಿಲ್ಲ, ನಿಮ್ಮ ಗೆಳತಿ ಹೇಳಿದ್ದೂ ಅದನ್ನೇ.

ಆದರೆ ಎರಡನೆಯ ಪುಟದ ಕೆಳಗೆ ಒಂದು ಸಾಲು ಬರೆದು ಮುಂದೆ ಓಡಿದ್ದೀರಿ. ನಾಯಕಿಯ ಅಣ್ಣ ಜಾಲತಾಣದಲ್ಲಿ ಅವಳ ವಿವರ ತುಂಬುವಾಗ ಎತ್ತರವನ್ನು ಎರಡು ಅಂಗುಲ ಹೆಚ್ಚಿಸಿದ್ದ, ಅವಳು ನೋಡಿಯೂ ಸುಮ್ಮನಿದ್ದಳು. ನಾನು ಪೆನ್ಸಿಲ್ ಹಿಡಿದದ್ದು ಅಲ್ಲಿ. ಆ ಅಣ್ಣ ತಂಗಿಯನ್ನು ನಿಜವಾಗಿ ಪ್ರೀತಿಸುತ್ತಾನೆ, ಅದೂ ನಿಮ್ಮ ಕಥೆಯಲ್ಲಿದೆ. ಅವನದೂ ಒಂದು ಮದುವೆ ಬಾಕಿಯಿದೆ, ತಂಗಿಯದು ಮುಗಿಯುವವರೆಗೆ ಕಾಯುತ್ತಿದ್ದಾನೆ, ಅದೂ ಇದೆ. ಕಥೆಯನ್ನು ಅವನಿಂದ ಹೇಳಿಸಿ. ಭಾಷಣ ತೆಗೆಯಿರಿ. ಗಂಡಿನ ತಾಯಿಗೆ ಒಂದು ಒಳ್ಳೆಯ ಮಾತು ಕೊಡಿ, ಕೇಸರಿಬಾತಿಗೆ ತುಪ್ಪ ಸಾಕಷ್ಟಿರಲಿ. ಅವರು ಹೋದ ಮೇಲೆ, ಒಪ್ಪಿಗೆಯೋ ಇಲ್ಲವೋ ಎಂಬ ಫೋನು ಬರುವ ಮೊದಲು, ಅಣ್ಣ ಮೊಬೈಲ್ ತೆಗೆದು ಆ ಎರಡು ಅಂಗುಲವನ್ನು ಮತ್ತೆ ನೋಡಲಿ. ತಂಗಿ ಪಕ್ಕದಲ್ಲಿ ತಟ್ಟೆ ಎತ್ತುತ್ತಿರಲಿ. ಬರೆದು ಮತ್ತೆ ಕಳಿಸಿ, ಓದುತ್ತೇನೆ.